ಅನಿಮೆ, ಮಾಂಗಾ: ಎಲ್ಲಿಂದ ಶುರು ಮಾಡೋದು?

ಜಪಾನಿನ ಕಾರ್ಟೂನ್ ಚಿತ್ರಗಳು, ಅಂದರೆ ಅನಿಮೆ, ಮತ್ತು ಅಲ್ಲಿನ ಕಾಮಿಕ್ಸ್, ಅಂದರೆ ಮಾಂಗಾ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸಬರದ್ದು. ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಬಿ.ಎಸ್ಸಿ. ಅಗ್ರಿ ಓದುತ್ತಿದ್ದೇನೆ. ಹಾಸ್ಟೆಲಿನಲ್ಲಿ ಎಲ್ಲರ ಬಾಯಲ್ಲೂ 'ಒನ್ ಪೀಸ್'. ನಾನೂ ನೋಡೋಣ ಅಂತ ತೆಗೆದರೆ ಸಾವಿರಕ್ಕೂ ಜಾಸ್ತಿ ಕಂತುಗಳಿವೆ! ಮಧ್ಯದಿಂದ ಶುರು ಮಾಡಬಹುದಾ?
— ವಿದ್ಯಾರ್ಥಿ, ಹಾಸನ

ಉತ್ತರ: ಮಧ್ಯದಿಂದ ಬೇಡ. ಸದ್ಯಕ್ಕೆ ಆ ಸರಣಿಯೇ ಬೇಡ. ಅದು ಚೆನ್ನಾಗಿಲ್ಲ ಅಂತಲ್ಲ, ತುಂಬಾ ಚೆನ್ನಾಗಿದೆ. ಆದರೆ 1,100 ಕಂತು ಅಂದರೆ ಸುಮಾರು 400 ಗಂಟೆ. ಈ ಬಗೆಯ ಕಥೆ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಅಷ್ಟು ಹೊತ್ತು ಯಾಕೆ ಕೊಡಬೇಕು?

ಅದು ಅಷ್ಟು ಉದ್ದ ಆಗಿದ್ದಕ್ಕೆ ಕಾರಣ ಇದೆ. ಎಯಿಚಿರೊ ಓಡಾ ಅದನ್ನು 1997ರಲ್ಲಿ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಶುರು ಮಾಡಿದರು, ಇನ್ನೂ ಬರೆಯುತ್ತಲೇ ಇದ್ದಾರೆ. ನಮ್ಮ ವಾರಪತ್ರಿಕೆಗಳಲ್ಲಿ ಧಾರಾವಾಹಿ ಕಾದಂಬರಿ ಬರುತ್ತಿತ್ತಲ್ಲ, ಅದೇ ಥರ. ವಾರಕ್ಕೆ ಹತ್ತಿರತ್ತಿರ ಇಪ್ಪತ್ತು ಪುಟ. ಓದುಗರು ತಮಗೆ ಇಷ್ಟವಾದ ಕಥೆಗಳನ್ನು ಕಾರ್ಡಿನಲ್ಲಿ ಬರೆದು ಕಳಿಸುತ್ತಾ ಬಂದಿದ್ದಾರೆ. ಮೆಚ್ಚಿದ ಕಥೆ ವರ್ಷಗಟ್ಟಲೆ ಓಡುತ್ತದೆ, ಮೆಚ್ಚದ್ದು ಕೆಲವೇ ತಿಂಗಳಲ್ಲಿ ನಿಂತುಹೋಗುತ್ತದೆ. ಟೀವಿ ಅನಿಮೆ ಈ ಮಾಂಗಾವನ್ನು ಹಿಂಬಾಲಿಸುತ್ತದೆ. ಅದು ಮಾಂಗಾ ಹತ್ತಿರ ಬಂದುಬಿಟ್ಟರೆ ಮುಂದಿನ ಕಥೆಯೇ ಇರುವುದಿಲ್ಲ. ಆಗ ಕಾಯಲು ಮೂಲದಲ್ಲಿಲ್ಲದ ಕಂತುಗಳನ್ನು ತುರುಕುತ್ತಾರೆ. ಇವಕ್ಕೆ ಫಿಲ್ಲರ್ ಅನ್ನುತ್ತಾರೆ. 'ನರುಟೊ'ದಲ್ಲಿ ಇಂಥವು ಎಷ್ಟಿವೆ ಅಂತ ನಿಮ್ಮ ರೂಮ್‌ಮೇಟ್‌ಗಳನ್ನು ಕೇಳಿ, ಹೇಳುತ್ತಾರೆ. ಈಗ ಬರುವ ಹೆಚ್ಚಿನ ಸರಣಿಗಳು ಹನ್ನೆರಡು ಹದಿಮೂರು ಕಂತಿನ ಸೀಸನ್‌ಗಳಾಗಿ ಬರುವುದರಿಂದ ಈ ತೊಂದರೆ ಕಡಿಮೆ.

ಹಾಗಾಗಿ ಮುಗಿದಿರುವ ಕಥೆಯಿಂದ ಶುರು ಮಾಡಿ. ಅದರಲ್ಲೂ ನಿಮಗೆ ಹತ್ತಿರವಾದ ಕಥೆಯಿಂದ. ನೀವು ಅಗ್ರಿ ಅಂತ ಓದಿದ ತಕ್ಷಣ ನನಗೆ ನೆನಪಾಗಿದ್ದು 'ಸಿಲ್ವರ್ ಸ್ಪೂನ್'. ಬರೆದವರು ಹಿರೋಮು ಅರಕಾವಾ. ಹೊಕ್ಕೈಡೊದಲ್ಲಿ ಹೈನುಗಾರರ ಮನೆಯಲ್ಲಿ ಬೆಳೆದವರು. ಪೇಟೆಯಲ್ಲಿ ಬೆಳೆದ ಹುಡುಗನೊಬ್ಬ ಓದಿನ ಒತ್ತಡಕ್ಕೆ ಬೇಸತ್ತು ದೂರದ ಕೃಷಿ ಶಾಲೆಗೆ ಸೇರುತ್ತಾನೆ. ಅಲ್ಲಿ ಒಂದು ಬಡಕಲು ಹಂದಿಮರಿಯ ಮೇಲೆ ಅವನಿಗೆ ಜೀವ. ಹೆಸರಿಡಬೇಡ, ಅದು ಮಾಂಸಕ್ಕೆ ಹೋಗುವ ಪ್ರಾಣಿ ಅಂತ ಎಲ್ಲರೂ ಹೇಳಿದರೂ ಇಟ್ಟೇಬಿಡುತ್ತಾನೆ, ಅದೂ ಹಂದಿಮಾಂಸ ಹಾಕಿದ ಅನ್ನದ ಊಟದ ಹೆಸರನ್ನು. ಆಮೇಲೆ ಅದು ಹೋಗುವ ದಿನ ಬರುತ್ತದೆ. ಅವನು ಏನು ಮಾಡುತ್ತಾನೆ ಅನ್ನೋದನ್ನು ನೀವೇ ನೋಡಿ. ರೈತನ ಕೆಲಸದ ಬಗ್ಗೆ ಇಷ್ಟು ಪ್ರಾಮಾಣಿಕವಾದ ಕಾರ್ಟೂನು ನನಗೆ ಬೇರೆ ಗೊತ್ತಿಲ್ಲ. ಬರೀ 22 ಕಂತು.

ಅದು ಹಿಡಿಸಿದರೆ ಅವರದೇ 'ಫುಲ್‌ಮೆಟಲ್ ಆಲ್ಕೆಮಿಸ್ಟ್'. ಅದರಲ್ಲಿ ಎರಡು ಸರಣಿಗಳಿವೆ, ಹೊಸಬರು ಇಲ್ಲೇ ಗೊಂದಲ ಮಾಡಿಕೊಳ್ಳುವುದು. 2003ರದ್ದನ್ನು ಮಾಂಗಾ ಇನ್ನೂ ಮುಗಿಯದೆ ಇದ್ದಾಗ ಮಾಡಿದ್ದರಿಂದ ಅದು ಬೇರೆಯೇ ದಾರಿ ಹಿಡಿಯಿತು. 2009ರ 'ಬ್ರದರ್‌ಹುಡ್' ಮಾಂಗಾವನ್ನು ಕೊನೆಯ ತನಕ ಅನುಸರಿಸುತ್ತದೆ, 64 ಕಂತು. ಮೊದಲು ಇದನ್ನು ನೋಡಿ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳು ಹಗಲೂ ರಾತ್ರಿ ಅನಿಮೆ ಅನ್ನುತ್ತಾಳೆ. "ಕಾರ್ಟೂನ್ ತಾನೇ, ನೋಡಲಿ ಬಿಡು" ಅಂತಾರೆ ಇವರು. ಒಂದು ದಿನ ಹಿಂದಿನಿಂದ ಇಣುಕಿದರೆ ಪರದೆ ತುಂಬಾ ರಕ್ತ. ಇದು ಮಕ್ಕಳು ನೋಡುವಂಥದ್ದೇನಾ?
— ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ಗಾಬರಿ ಸರಿಯಾದದ್ದೇ. ಕಾರ್ಟೂನ್ ಅಂದರೆ ಮಕ್ಕಳದ್ದು ಅನ್ನೋ ಲೆಕ್ಕ ಜಪಾನಿನಲ್ಲಿ ನಡೆಯುವುದಿಲ್ಲ. ಅಲ್ಲಿ ಮಾಂಗಾ ಪತ್ರಿಕೆಗಳೇ ಓದುಗರನ್ನು ನೋಡಿಕೊಂಡು ಬೇರೆಬೇರೆ ಇವೆ. ಹುಡುಗರಿಗೆ ಶೋನೆನ್, ಹುಡುಗಿಯರಿಗೆ ಶೋಜೊ, ದೊಡ್ಡ ಗಂಡಸರಿಗೆ ಸೇನೆನ್, ಹೆಂಗಸರಿಗೆ ಜೋಸೆ. ನಮ್ಮ ಮನೆಗಳಲ್ಲಿ ಪುಟಾಣಿಗಳು ಊಟ ಮಾಡುತ್ತಾ ನೋಡುವ 'ಶಿನ್-ಚಾನ್' 1990ರಲ್ಲಿ ಶುರುವಾಗಿದ್ದು ದೊಡ್ಡವರ ಪತ್ರಿಕೆಯಲ್ಲಿ ಅಂದರೆ ನಂಬುತ್ತೀರಾ?

ಆದರೆ ಶೋನೆನ್ ಅಂದ ತಕ್ಷಣ ಎಲ್ಲವೂ ಹದಿಮೂರರ ಹುಡುಗಿಗೆ ಸರಿ ಅಂತಲೂ ಅಲ್ಲ. ಮನುಷ್ಯರನ್ನು ತಿನ್ನುವ ದೈತ್ಯರ 'ಅಟ್ಯಾಕ್ ಆನ್ ಟೈಟನ್' ಕೂಡ ಅದೇ ಗುಂಪಿನದ್ದು. 'ಡೆಮನ್ ಸ್ಲೇಯರ್' ಮೊದಲ ಕಂತಿನಲ್ಲೇ ಒಂದು ಕುಟುಂಬ ಹೆಚ್ಚುಕಡಿಮೆ ಪೂರ್ತಿ ಸಾಯುತ್ತದೆ. ಶೋ ಶುರುವಾದಾಗ ಮೂಲೆಯಲ್ಲಿ ಯು/ಎ 13+, 16+, ಎ ಅಂತೆಲ್ಲ ಬರುತ್ತದಲ್ಲ, ಅದನ್ನು ಸುಮ್ನೆ ದಾಟಿಸಬೇಡಿ. ಮೊಬೈಲ್ ಕಿತ್ತುಕೊಳ್ಳುವುದೂ ಬೇಡ. ಹತ್ತಿರ ಕೂತು "ಇದು ಯಾರು, ಯಾಕೆ ಅಳ್ತಿದಾನೆ" ಅಂತ ಕೇಳಿ. ಆ ವಯಸ್ಸಿನ ಮಕ್ಕಳಿಗೆ ತಮಗೆ ಇಷ್ಟವಾದದ್ದನ್ನು ಅಮ್ಮನಿಗೆ ವಿವರಿಸೋದು ಅಂದರೆ ಭಾರಿ ಖುಷಿ.

ಒಂದು ಭಾನುವಾರ ಎಲ್ಲರೂ ಸೇರಿ ಹಯಾವೊ ಮಿಯಾಜಾಕಿಯವರ 'ಮೈ ನೇಬರ್ ಟೊಟೊರೊ' ನೋಡಿ. ಒಂದೂವರೆ ಗಂಟೆಯೂ ಇಲ್ಲ. ಅದರಲ್ಲಿ ಮಳೆಯ ದೃಶ್ಯ ಒಂದಿದೆ. ಅಪ್ಪನಿಗೆ ಕೊಡೆ ಕೊಡಲು ಅಕ್ಕ ತಂಗಿ ಬಸ್ ಸ್ಟಾಪಿನಲ್ಲಿ ಕಾಯುತ್ತಿರುತ್ತಾರೆ, ಕತ್ತಲಾಗುತ್ತದೆ, ತಂಗಿ ಅಕ್ಕನ ಬೆನ್ನ ಮೇಲೆ ನಿದ್ದೆ ಹೋಗುತ್ತಾಳೆ. ಪಕ್ಕದಲ್ಲಿ ತಲೆ ಮೇಲೆ ಎಲೆ ಇಟ್ಟುಕೊಂಡ ಒಂದು ದೊಡ್ಡ ಪ್ರಾಣಿ ಬಂದು ನಿಲ್ಲುತ್ತದೆ. ಹುಡುಗಿ ಅಪ್ಪನ ಕೊಡೆ ಕೊಡುತ್ತಾಳೆ. ಕೊಡೆಯ ಮೇಲೆ ಹನಿ ಬೀಳುವ ಸದ್ದು ಕೇಳಿ ಅದಕ್ಕೆ ಎಷ್ಟು ಖುಷಿ ಆಗುತ್ತದೆ ಅಂದರೆ, ಒಂದು ಸಲ ಎಗರಿ ಮರದ ಮೇಲಿನ ನೀರನ್ನೆಲ್ಲ ಒಟ್ಟಿಗೇ ಉದುರಿಸಿಬಿಡುತ್ತದೆ. ಮಾತೇ ಇಲ್ಲ ಅನ್ನಬೇಕು. ಮಲೆನಾಡಿನ ಮಳೆ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಂದು ಎಚ್ಚರಿಕೆ. 1988ರ ಏಪ್ರಿಲಿನಲ್ಲಿ ಈ ಚಿತ್ರದ ಜೊತೆಗೇ ಜಪಾನಿನ ಥಿಯೇಟರುಗಳಲ್ಲಿ ತೋರಿಸಿದ್ದು ಇಸಾವೊ ತಕಹಾತಾ ಅವರ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ಎರಡೂ ಸ್ಟುಡಿಯೊ ಗಿಬ್ಲಿಯದ್ದೇ, ಅದರಲ್ಲೂ ಮಕ್ಕಳೇ ಇದ್ದಾರೆ ಅಂತ ಅದೇ ದಿನ ಹಾಕಬೇಡಿ. ಯುದ್ಧದಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣ ತಂಗಿ ಹಸಿವಿನಿಂದ ಸೊರಗುವ ಕಥೆ ಅದು. ದೊಡ್ಡವರಿಗೇ ತಡೆದುಕೊಳ್ಳುವುದು ಕಷ್ಟ.

ಪ್ರಶ್ನೆ: ನಾನು ವಾಲಿಬಾಲ್ ಆಡುವವನು. ಗೆಳೆಯ 'ಹೈಕ್ಯೂ' ಮಾಂಗಾದ ಮೊದಲ ಪುಸ್ತಕ ಕೊಟ್ಟ. ತೆರೆದರೆ ತಲೆಬುಡ ಗೊತ್ತಾಗಲಿಲ್ಲ. ಬಣ್ಣವೂ ಇಲ್ಲ. ಅನಿಮೆ ನೋಡಿದರೆ ಸಾಲದಾ?
— ಓದುಗ, ಮಂಗಳೂರು

ಉತ್ತರ: ನೀವು ಕೊನೆಯ ಪುಟ ತೆರೆದಿರಬೇಕು. ಪುಸ್ತಕದ ಬೆನ್ನು ಬಲಗಡೆ ಬರುವ ಹಾಗೆ ಹಿಡಿಯಿರಿ. ಪುಟದ ಬಲ ಮೇಲ್ತುದಿಯ ಚೌಕದಿಂದ ಶುರು, ಎಡಕ್ಕೆ ಸಾಗಿ, ಆಮೇಲೆ ಕೆಳಗಿನ ಸಾಲಿಗೆ ಮತ್ತೆ ಬಲದಿಂದ. ಒಂದೇ ಚೌಕದಲ್ಲಿ ಇಬ್ಬರು ಮಾತಾಡುತ್ತಿದ್ದರೆ ಬಲಗಡೆಯ ಮಾತಿನ ಗುಳ್ಳೆ ಮೊದಲು. ಒಂದು ಅಧ್ಯಾಯ ಮುಗಿಯುವಷ್ಟರಲ್ಲಿ ಕಣ್ಣಿಗೆ ಅಭ್ಯಾಸ ಆಗುತ್ತದೆ. ಹಿಂದೆ ಇಂಗ್ಲಿಷ್ ಪ್ರಕಾಶಕರು ಪುಟಗಳನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಹಾಗೆ ಮಾಡಿದರೆ ಬಲಗೈಯಲ್ಲಿ ಸ್ಮ್ಯಾಶ್ ಹೊಡೆಯುವವನು ಎಡಗೈಯವನಾಗುತ್ತಾನೆ, ಅಂಕಣದ ಎಡಬದಿ ಬಲಬದಿ ಅದಲುಬದಲು. ಈಗ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ಒಳ್ಳೆಯದೇ ಆಯಿತು.

ಬಣ್ಣ ಇಲ್ಲದಿರುವುದು ವಾರದ ಗಡುವಿನಿಂದ. ಒಬ್ಬ ಕಲಾವಿದ, ಕೆಲವು ಸಹಾಯಕರು, ವಾರಕ್ಕೆ ಇಪ್ಪತ್ತು ಪುಟ, ಅಗ್ಗದ ಕಾಗದ. ಬಣ್ಣಕ್ಕೆ ಪುರುಸೊತ್ತೂ ಇಲ್ಲ, ದುಡ್ಡೂ ಸಾಲದು. ಆದರೆ ಆ ಕಪ್ಪು ಗೆರೆಯಲ್ಲೇ ಹರುಯಿಚಿ ಫುರುದಾತೆ ಏನು ಮಾಡುತ್ತಾರೆ ನೋಡಿ. ಕುಳ್ಳ ಹುಡುಗ ಹಿನಾತಾ ನೆಟ್ ಹತ್ತಿರ ಎಗರಿದಾಗ ಕಥೆಯೇ ಗಾಳಿಯಲ್ಲಿ ನಿಂತ ಹಾಗೆ ಅನ್ನಿಸುತ್ತದೆ. ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ನಿಮ್ಮ ಕೈಯಲ್ಲಿದೆ. ಅನಿಮೆಯಲ್ಲಿ ಆ ಹೊತ್ತನ್ನು ನಿರ್ದೇಶಕರು ಗೊತ್ತು ಮಾಡಿರುತ್ತಾರೆ. ಬದಲಿಗೆ ಚೆಂಡಿನ ಸದ್ದು, ಶೂ ಕಿರುಗುಟ್ಟುವ ಸದ್ದು ಸಿಗುತ್ತದೆ. ವಾಲಿಬಾಲ್ ಆಡುವವರಿಗೆ ಎರಡೂ ಬೇಕು ಅಂತ ನನ್ನ ಅಭಿಪ್ರಾಯ. ಪುಸ್ತಕ 45 ಸಂಪುಟ ಇದೆ, ಕೊಂಡುಕೊಳ್ಳುವ ಮೊದಲು ಗೆಳೆಯನ ಕಪಾಟು ಖಾಲಿ ಮಾಡಿ. ಚಿಕ್ಕದು ಬೇಕಿದ್ದರೆ 'ಎ ಸೈಲೆಂಟ್ ವಾಯ್ಸ್' ಏಳೇ ಸಂಪುಟ. ಕಿವಿ ಕೇಳದ ಸಹಪಾಠಿಯನ್ನು ಚಿಕ್ಕಂದಿನಲ್ಲಿ ಹಿಂಸಿಸಿದ ಹುಡುಗ, ದೊಡ್ಡವನಾದ ಮೇಲೆ ಅವಳನ್ನು ಹುಡುಕಿಕೊಂಡು ಹೋಗುವ ಕಥೆ.

ಪ್ರಶ್ನೆ: ನಿವೃತ್ತ ಶಿಕ್ಷಕ. ಮೂಲ ಊರು ನವಲಗುಂದದ ಕಡೆ, ಈಗಲೂ ಹೊಲಕ್ಕೆ ಹೋಗಿಬರುತ್ತೇನೆ. ಮೊಮ್ಮಗ ಅನಿಮೆ ನೋಡು ಅಜ್ಜ ಅಂತ ಬೆನ್ನು ಬಿದ್ದಿದ್ದಾನೆ. ನನ್ನ ವಯಸ್ಸಿನವರಿಗೆ ಅದರಲ್ಲಿ ಏನಾದರೂ ಇದೆಯೇ?
— ಓದುಗರು, ಧಾರವಾಡ

ಉತ್ತರ: ಗುರುಗಳೇ, ನೀವು ಆಗಲೇ ನೋಡಿರಬಹುದು. 1993ರ ಸುಮಾರಿಗೆ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಮೋಗ್ಲಿಯ 'ಜಂಗಲ್ ಬುಕ್' ಬರುತ್ತಿತ್ತಲ್ಲ, ಮನೆಮಂದಿಯೆಲ್ಲ ಕೂತು ನೋಡಿದ್ದು? ಅದು ಜಪಾನಿನ ನಿಪ್ಪೊನ್ ಅನಿಮೇಶನ್ ಮಾಡಿದ ಅನಿಮೆ.

ನಿಮಗೆ ನಾನು ಹೇಳುವುದು ಎರಡೇ ಎರಡು. ಮೊದಲನೆಯದು ತಕಹಾತಾ ಅವರ 1991ರ ಚಿತ್ರ 'ಓನ್ಲಿ ಯೆಸ್ಟರ್‌ಡೇ'. ಟೋಕಿಯೊದಲ್ಲಿ ಕೆಲಸ ಮಾಡುವ 27 ವರ್ಷದ ತಾಯೆಕೊ ರಜೆ ಹಾಕಿ ಯಮಗಾತಾದ ಹಳ್ಳಿಗೆ ಹೋಗುತ್ತಾಳೆ. ಯಾಕೆ ಗೊತ್ತೇ? ಕುಸುಬಿ ಹೂವು ಬಿಡಿಸಲು! ನಿಮ್ಮ ಕಡೆ ಎಣ್ಣೆಗಾಗಿ ಬೆಳೆಯುತ್ತಾರಲ್ಲ, ಅದೇ ಕುಸುಬಿ. ಅಲ್ಲಿ ಹೂವಿನ ದಳದಿಂದ ಕೆಂಪು ಬಣ್ಣ ತೆಗೆಯುತ್ತಾರೆ. ಬೆಳಕು ಹರಿಯುವ ಮೊದಲೇ ಹೊಲಕ್ಕೆ ಇಳಿಯುತ್ತಾರೆ. ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ, ಬಿಸಿಲೇರಿದರೆ ಕೈ ಹಾಕೋಕೆ ಆಗುವುದಿಲ್ಲ. ಹಿಂದೆ ಕೈಯೆಲ್ಲ ರಕ್ತ ಮಾಡಿಕೊಂಡು ಹೂ ಬಿಡಿಸಿದ ಹುಡುಗಿಯರಿಗೆ ಆ ಬಣ್ಣ ಹಚ್ಚಿಕೊಳ್ಳುವ ಯೋಗ ಇರಲಿಲ್ಲ ಅನ್ನುವ ಮಾತೂ ಅಲ್ಲಿ ಬರುತ್ತದೆ. ಕುಸುಬಿಯ ಮುಳ್ಳು ಎಂಥದ್ದು ಅಂತ ಬಲ್ಲ ನಿಮ್ಮಂಥವರು ಈ ದೃಶ್ಯವನ್ನು ನೋಡುವ ಬಗೆಯೇ ಬೇರೆ. ಹೊಲದ ಕೆಲಸದ ನಡುವೆ ಅವಳಿಗೆ ಐದನೇ ತರಗತಿಯ ದಿನಗಳು ನೆನಪಾಗುತ್ತಿರುತ್ತವೆ. ಮನೆಗೆ ಮೊದಲ ಸಲ ಅನಾನಸ್ ತಂದದ್ದು, ಅದನ್ನು ಕತ್ತರಿಸುವುದು ಹೇಗೆಂದು ಯಾರಿಗೂ ಗೊತ್ತಿಲ್ಲದ್ದು, ಕೊನೆಗೆ ಕತ್ತರಿಸಿ ತಿಂದರೆ ಎಲ್ಲರ ಮುಖವೂ ಸಪ್ಪೆಯಾದದ್ದು, ಪುಟ್ಟ ಹುಡುಗಿ ಮಾತ್ರ ಹಟದಿಂದ ತಿನ್ನುತ್ತಲೇ ಇದ್ದದ್ದು. ಹೊಡೆದಾಟ ಇಲ್ಲ, ಮಾಯಮಂತ್ರ ಇಲ್ಲ. ಒಳ್ಳೆಯ ಕಾದಂಬರಿ ಓದಿದವರಿಗೆ ಇದು ಖಂಡಿತ ಒಲಿಯುತ್ತದೆ.

ಎರಡನೆಯದು ಮಾಂಗಾ, ಒಸಾಮು ತೆಜುಕಾ ಅವರ 'ಬುದ್ಧ'. ತೆಜುಕಾ ವೈದ್ಯಕೀಯ ಓದಿದವರು. 1952ರಲ್ಲಿ ಶುರುವಾದ ಅವರ 'ಆಸ್ಟ್ರೊ ಬಾಯ್' ಮಾಂಗಾ 1963ರಲ್ಲಿ ಟೀವಿಗೆ ಬಂತು, ಜಪಾನಿನ ಟೀವಿ ಅನಿಮೆ ಬೆಳೆದದ್ದೇ ಅದರ ದಾರಿಯಲ್ಲಿ. 'ಬುದ್ಧ'ವನ್ನು ಅವರು 1972ರಿಂದ 1983ರವರೆಗೆ ಬರೆದರು. ಇಂಗ್ಲಿಷಿನಲ್ಲಿ 8 ಸಂಪುಟ. ಮೊದಲಲ್ಲೇ ಶಶ ಜಾತಕ ಬರುತ್ತದೆ: ಹಸಿದ ಮುದುಕನಿಗೆ ಕೊಡಲು ಏನೂ ಸಿಗದ ಮೊಲ ತಾನೇ ಬೆಂಕಿಗೆ ಹಾರುತ್ತದೆ. ಪುಟದ ಮೇಲೆ ಅದನ್ನು ನೋಡಿದರೆ ಗಂಟಲು ಕಟ್ಟುತ್ತದೆ. ಆಮೇಲೆ ಸಿದ್ಧಾರ್ಥ ಬೇಗ ಬರುವುದಿಲ್ಲ. ಮೊದಲ ಸಂಪುಟದ ತುಂಬಾ ಜಾತಿಯಿಂದ ಹೊರಗಿಟ್ಟ ಒಬ್ಬ ಹುಡುಗ, ಗುಲಾಮನಾದ ಇನ್ನೊಬ್ಬ ಹುಡುಗ. ಬುದ್ಧ ಯಾಕೆ ಬೇಕಾಯಿತು ಅನ್ನೋದನ್ನು ತೆಜುಕಾ ಇವರಿಬ್ಬರ ಬದುಕಿನಿಂದ ತೋರಿಸುತ್ತಾರೆ. ನಡುನಡುವೆ ತಮಾಷೆ ಚಿತ್ರಗಳಿವೆ, ಮೈಮೇಲೆ ಬಟ್ಟೆಯಿಲ್ಲದ ಪಾತ್ರಗಳಿವೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮೊಮ್ಮಗನಿಗೆ ಜಾತಕ ಕಥೆಗಳನ್ನು ನೀವು ಹೇಳಿ, ಪುಟ ಬಲದಿಂದ ಓದುವುದೋ ಎಡದಿಂದಲೋ ಅಂತ ಅವನು ನೋಡಿ ಹೇಳಲಿ.

ಪ್ರಶ್ನೆ: ಸಬ್‌ಟೈಟಲ್ಲಾ, ಡಬ್ಬಿಂಗಾ? ಮಾಂಗಾ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ?
— ಓದುಗರು, ಬೆಂಗಳೂರು

ಉತ್ತರ: ಯಾವುದು ಆರಾಮೋ ಅದು. ನನಗೆ ಜಪಾನಿ ಧ್ವನಿಯೇ ಇಷ್ಟ, ಅಲ್ಲಿನ ಧ್ವನಿ ಕಲಾವಿದರು ಅಷ್ಟು ಚೆನ್ನಾಗಿ ನಟಿಸುತ್ತಾರೆ. ಆದರೆ ಡಬ್ಬಿಂಗ್ ನೋಡುವವರನ್ನು ಕೀಳಾಗಿ ಕಾಣುವ ಅಭಿಮಾನಿಗಳ ಮಾತಿಗೆ ಕಿವಿ ಕೊಡಬೇಡಿ. ಸಂಪುಟವೊಂದಕ್ಕೆ ಸಾಮಾನ್ಯವಾಗಿ 400ರಿಂದ 600 ರೂಪಾಯಿ. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ದುಡ್ಡು ಹಾಕುವ ಮೊದಲು ರುಚಿ ನೋಡಲು ಶುಎಯ್ಷಾ ಪ್ರಕಾಶನದ 'ಮಾಂಗಾ ಪ್ಲಸ್' ಆ್ಯಪ್ ಇದೆ, ಅಲ್ಲಿ ಹೆಚ್ಚಿನ ಕಥೆಗಳ ಮೊದಲ ಕೆಲವು ಅಧ್ಯಾಯ ಪುಕ್ಕಟೆ. ಕದ್ದು ಹಾಕಿದ ಸೈಟುಗಳ ಸಹವಾಸ ಬೇಡ. ವಾರವಿಡೀ ಬೆನ್ನು ಬಗ್ಗಿಸಿ ಬರೆದವರಿಗೆ ಅಲ್ಲಿಂದ ಒಂದು ಪೈಸೆ ಹೋಗುವುದಿಲ್ಲ.

ಪ್ರಶ್ನೆ: ಕನ್ನಡದಲ್ಲಿ ಯಾಕೆ ಬರುವುದಿಲ್ಲ?
— ಓದುಗರು, ಮೈಸೂರು

ಉತ್ತರ: ಈ ಪ್ರಶ್ನೆ ನನ್ನದೂ ಹೌದು. 2025ರ ಸೆಪ್ಟೆಂಬರಿನಲ್ಲಿ 'ಡೆಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ನಮ್ಮ ಥಿಯೇಟರುಗಳಿಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ದಶಕಗಳ ಕಾಲ ಇಲ್ಲಿ ಡಬ್ಬಿಂಗ್ ಬೇಡ ಅಂತಲೇ ಇತ್ತು. ಈಗ ಆ ತಡೆ ಇಲ್ಲ, ಬೇರೆ ಭಾಷೆಯ ದೊಡ್ಡ ಸಿನಿಮಾಗಳು ಕನ್ನಡಕ್ಕೆ ಬರುತ್ತಿವೆ. ಅನಿಮೆ ಕಂಪನಿಗಳಿಗೆ ಮಾತ್ರ ಇಲ್ಲಿ ನೋಡುವವರಿದ್ದಾರೆ ಅಂತ ಇನ್ನೂ ಅನ್ನಿಸಿಲ್ಲ. ಅನ್ನಿಸುವ ಹಾಗೆ ಮಾಡಬೇಕು. 2019ರಲ್ಲಿ ಮಕೊಟೊ ಶಿಂಕಾಯ್ ಅವರ 'ವೆದರಿಂಗ್ ವಿತ್ ಯೂ' ಭಾರತದ ಥಿಯೇಟರುಗಳಿಗೆ ಬಂದದ್ದು ಅಭಿಮಾನಿಗಳು ಆನ್‌ಲೈನ್ ಮನವಿಗೆ ಸಾವಿರಾರು ಸಹಿ ಹಾಕಿದ ಮೇಲೆ. ಕನ್ನಡಕ್ಕಾಗಿ ಅಂಥದ್ದೊಂದನ್ನು ಯಾರಾದರೂ ಶುರು ಮಾಡಿದರೆ ನನಗೆ ಬರೆಯಿರಿ, ನಾನೂ ಸಹಿ ಹಾಕುತ್ತೇನೆ.