ದಿಂಬಿನಡಿ ಸಿಕ್ಕಿದ ಕಾದಂಬರಿ

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮಗಳು ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ರಜೆಗೆ ಬಂದಾಗ ಅವಳ ದಿಂಬಿನಡಿ ಒಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಹೈಸ್ಕೂಲ್ ಮಕ್ಕಳ ಪ್ರೀತಿಯ ಕಥೆ. ಅದರಲ್ಲೊಬ್ಬ ಹುಡುಗನಿಗೆ ಇನ್ನೊಬ್ಬ ಹುಡುಗನ ಮೇಲೆ ಮನಸ್ಸು. ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅಂದಿನಿಂದ ಅವಳು ಮಾತು ಬಿಟ್ಟಿದ್ದಾಳೆ. ನಾನು ಮಾಡಿದ್ದು ತಪ್ಪಾ ಮೇಡಂ?

ಉತ್ತರ: ತಪ್ಪು-ಸರಿ ಆಮೇಲೆ ನೋಡೋಣ. ಮೊದಲು ಆ ಪುಸ್ತಕ ತೆಗೆದು ನೀವೇ ಓದಿ, ಪೂರ್ತಿ. ಕಥೆ ಹೇಗೆ ಮುಗಿಯಿತೆಂದು ನೀವು ಬರೆದಿಲ್ಲ. ನಡುವಿನ ನಾಲ್ಕು ಪುಟ ತಿರುವಿ ಬೀಗ ಜಡಿದಿರೆಂದು ನನ್ನ ಗುಮಾನಿ!

12ರಿಂದ 18ರವರಿಗೆಂದೇ ಬರುವ ಇಂಥ ಕಾದಂಬರಿಗಳಲ್ಲಿ ಬಹಳಷ್ಟು ಸಲ ಆ ವಯಸ್ಸಿನವರೇ 'ನಾನು' ಎಂದು ಕಥೆ ಹೇಳುತ್ತಾರೆ. ದೊಡ್ಡವರ ಕಾದಂಬರಿಯಲ್ಲಿ ನಲವತ್ತು ದಾಟಿದವರು ಹರೆಯ ನೆನೆಸಿಕೊಂಡರೆ, ಅವರಿಗೆ ಕೊನೆ ಗೊತ್ತಿರುತ್ತದೆ. ಇಲ್ಲಿ ಹೇಳುವವಳಿಗೂ ಗೊತ್ತಿಲ್ಲ. ನಿಮ್ಮ ಮಗಳನ್ನು ಹಿಡಿದು ಕೂರಿಸಿದ್ದು ಅದೇ ಇರಬೇಕು.

ಓದುವಾಗ ಒಂದನ್ನು ಗಮನಿಸಿ. 'ಬೇಡ' ಅಂದರೆ ಹುಡುಗ ಕೇಳುತ್ತಾನಾ? ಹಿಂದೆ ಬಿದ್ದು ಕಾಡುವುದನ್ನು, ಫೋನ್ ಕಸಿದು ಮೆಸೇಜ್ ನೋಡುವುದನ್ನು ಕಥೆ ಪ್ರೀತಿಯೆಂದು ಮೆರೆಸುತ್ತದಾ? ನನಗೆ ಭಯ ಅಂಥ ಪುಸ್ತಕದ್ದು, ಇಬ್ಬರು ಹುಡುಗರದ್ದಲ್ಲ. ವಯಸ್ಕರ ನಡುವಿನ ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಅದಕ್ಕೂ ಮೊದಲೇ, 2013ರಲ್ಲಿ, ಕನ್ನಡದಲ್ಲಿ ಅಂಥದೇ ಪ್ರೀತಿಯ ಕಥೆಗಳ ಸಂಕಲನ, ವಸುಧೇಂದ್ರರ 'ಮೋಹನಸ್ವಾಮಿ' ಬಂದಿತ್ತು. ಅದು ದೊಡ್ಡವರ ಪುಸ್ತಕ, ನಿಮಗೆ.

ಇಂಗ್ಲಿಷೇ ಯಾಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ನಡದಲ್ಲಿ ಮಕ್ಕಳ ಕಪಾಟು ಇದೆ, ದೊಡ್ಡವರದ್ದಂತೂ ತುಂಬಿದೆ, ನಡುವಿನದು ಬಡಕಲು. ಆದರೆ ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮನವರ ಕಥೆಗಳನ್ನು ಅವಳಿಗೆ ಧೈರ್ಯವಾಗಿ ಕೊಡಬಹುದು. ಇಪ್ಪತ್ತರ ಆಸುಪಾಸಿನಲ್ಲಿ ಬರೆದವು. ವಿಧವೆಯರು, ಮೆಚ್ಚಿದವರನ್ನು ಸೇರಲಾಗದವರು, ಎಲ್ಲ ಬರುತ್ತಾರೆ. ಕೆಳಗೆ ಸಹಿ ಮಾತ್ರ 'ಮಿಸೆಸ್ ಬಿ.ಟಿ.ಜಿ. ಕೃಷ್ಣ', ಗಂಡನ ಹೆಸರು! 1939ರಲ್ಲಿ, 27ಕ್ಕೇ, ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಆ ಸಹಿ ತೋರಿಸಿ ನೋಡಿ, ಮಗಳು ಮೌನ ಮುರಿದು ಜಗಳಕ್ಕೇ ಬಂದಾಳು.

ಕಾದಂಬರಿ ವಾಪಸ್ ಕೊಡುವಾಗ 'ಯಾಕೆ ಇಂಥದ್ದು ಓದ್ತೀಯ' ಎನ್ನಬೇಡಿ. ನಿಮಗೆ ಸಿಟ್ಟು ಬಂದ ಪಾತ್ರ ಯಾವುದೆಂದು ಹೇಳಿ. ಅವಳು ಮಡಚಿಟ್ಟ ಪುಟದ ಮೂಲೆ ಬಿಚ್ಚಬೇಡಿ. ಮತ್ತೆ ಬೇಗ ಕೊಡಿ: ಹಾಸ್ಟೆಲ್‌ನಲ್ಲಿ ಒಂದು ಪುಸ್ತಕ ಹತ್ತು ಕೈ ದಾಟುತ್ತದೆ, ಯಾರೋ ಸರದಿಗೆ ಕಾಯುತ್ತಿರುತ್ತಾರೆ.