ಅಪ್ಪ-ಅಮ್ಮ ಇಬ್ಬರ ಕಿವಿಹಾಲೆಯೂ ಅಂಟಿಕೊಂಡಿದೆ, ಮಗಳದ್ದು ಬಿಡಿಯಾಗಿದೆ. ಇದು ಹೇಗೆ ಸಾಧ್ಯ?

ಮಂಗಳೂರಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿರುವ ನಿಮ್ಮ ಮಗಳಿಗೆ ಮನೆಯವರ ಲಕ್ಷಣಗಳ ಚಾರ್ಟ್ ಮಾಡಿ ತರಲು ಹೇಳಿದ್ದಾರೆ. ಅಂಟಿದ ಕಿವಿಹಾಲೆ ರಿಸೆಸಿವ್ (ಅಪ್ಪ, ಅಮ್ಮ ಇಬ್ಬರಿಂದಲೂ ಅದೇ ಜೀನ್ ಬಂದರೆ ಮಾತ್ರ ಕಾಣುವ ಲಕ್ಷಣ), ಹಾಗಾಗಿ ನಿಮಗಿಬ್ಬರಿಗೆ ಬಿಡಿ ಹಾಲೆಯ ಮಗು ಹುಟ್ಟಲು ಆಗದು ಅಂತ ಅವಳು ಲೆಕ್ಕ ಹಾಕಿ ಅತ್ತಿದ್ದಾಳೆ ಅಂತ ಬರೆದಿದ್ದೀರಿ. ನಾನು ಉಡುಪಿ ಕಡೆ ಪಿಯು ಮಕ್ಕಳಿಗೆ ಬಯಾಲಜಿ ಪಾಠ ಮಾಡುವವಳು. ಅವಳಿಗೆ ಇವತ್ತೇ ಹೇಳಿ: ತಪ್ಪಿರುವುದು ಆ ನಿಯಮ, ನಿಮ್ಮ ಮನೆಯಲ್ಲ.

ಕಿವಿಹಾಲೆಯ ಆಕಾರ ಒಂದೇ ಜೀನಿನ ಕೆಲಸವಲ್ಲ. ಹತ್ತಾರು ಜೀನ್‌ಗಳು ಸೇರಿ ಅದನ್ನು ರೂಪಿಸುತ್ತವೆ. ಬಸ್ಸಲ್ಲಿ ಪಕ್ಕ ಕೂತವರ ಕಿವಿ ನೋಡಿದರೂ ತಿಳಿಯುತ್ತದೆ, ಪೂರ್ತಿ ಅಂಟಿದ್ದು, ಅರ್ಧ ಅಂಟಿದ್ದು, ಜೋತುಬಿದ್ದದ್ದು, ಎಲ್ಲ ಇರುತ್ತವೆ. ನಾಲಿಗೆ ಸುರುಳಿ ಮಾಡುವ ಕಥೆಯೂ ಇದೇ. 1940ರಲ್ಲಿ ಸ್ಟರ್ಟೆವಂಟ್ ಎಂಬ ತಳಿವಿಜ್ಞಾನಿ ಅದನ್ನು ಡಾಮಿನೆಂಟ್ (ಒಬ್ಬರಿಂದ ಜೀನ್ ಬಂದರೂ ಸಾಕು, ಕಾಣುವ ಲಕ್ಷಣ) ಅಂದರು. 1952ರಲ್ಲಿ ತದ್ರೂಪಿ ಅವಳಿಗಳನ್ನು ನೋಡಿದಾಗ, ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದ ಜೋಡಿಗಳು ಸಿಕ್ಕವು. 1965ರಲ್ಲಿ ಸ್ಟರ್ಟೆವಂಟ್ ಅವರೇ, ಇದನ್ನು ಇನ್ನೂ ಒಂದೇ ಜೀನಿನಿಂದ ಲಕ್ಷಣ ಸಾಗುವ ಮೆಂಡಲ್ ನಿಯಮಕ್ಕೆ ಉದಾಹರಣೆಯಾಗಿ ಕೊಡುವುದು ನೋಡಿದರೆ ಮುಜುಗರವಾಗುತ್ತದೆ ಅಂತ ಬರೆದರು. ಆದರೂ ಅದು ಇವತ್ತಿಗೂ ಕ್ಲಾಸುಗಳಲ್ಲಿ ನಡೆಯುತ್ತಿದೆ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ. ಹದಿನೇಳು ವರ್ಷದ ಮಗು ತನ್ನ ಹುಟ್ಟಿನ ಬಗ್ಗೆ ಅನುಮಾನ ಪಡುವ ಹಾಗಾಗಬಾರದು.

ರಕ್ತದ ಗುಂಪಿನ ಪಾಠ ಗಟ್ಟಿಯಾದದ್ದು. ಆದರೆ ಓ ಗುಂಪಿನ ತಂದೆತಾಯಿಗೆ ಎ ಅಥವಾ ಬಿ ಗುಂಪಿನ ಮಗು ಹುಟ್ಟಲ್ಲ ಅನ್ನುವುದಕ್ಕೂ ಒಂದು ಅಪರೂಪದ ಅಪವಾದ ಇದೆ. 1952ರಲ್ಲಿ ಗೊತ್ತಾದ ಬಾಂಬೆ ಬ್ಲಡ್ ಗ್ರೂಪಿನವರು ಮಾಮೂಲಿ ಪರೀಕ್ಷೆಯಲ್ಲಿ ಓ ಥರ ಕಾಣುತ್ತಾರೆ, ಒಳಗೆ ಎ ಅಥವಾ ಬಿ ಜೀನ್ ಇರಬಹುದು.

ಕ್ಲಾಸಲ್ಲಿ ನಾನು ಮಾಡಿಸುವುದು ಪಿಟಿಸಿ ಕಾಗದದ ಪರೀಕ್ಷೆ. ಪಿಟಿಸಿ ಅಂದರೆ ಕೆಲವರಿಗೆ ಮಾತ್ರ ಕಹಿ ಅನಿಸುವ ಒಂದು ರಾಸಾಯನಿಕ, ಅದನ್ನು ಹಚ್ಚಿದ ಕಾಗದ ಇದು. ಸಣ್ಣ ಚೂರನ್ನು ನಾಲಿಗೆ ಮೇಲೆ ಇಟ್ಟ ಕೂಡಲೇ ಒಬ್ಬಳು ಮುಖ ಕಿವುಚಿ ನೀರಿನ ಬಾಟಲಿಗೆ ಕೈಹಾಕುತ್ತಾಳೆ. ಪಕ್ಕದವಳು ಬರೀ ಕಾಗದ ಅಲ್ವಾ ಅಂತ ಇನ್ನೂ ಚೀಪುತ್ತಿರುತ್ತಾಳೆ. ಹಾಗಲಕಾಯಿಯ ಕಹಿ ಇಬ್ಬರಿಗೂ ಗೊತ್ತು, ಈ ಕಹಿ ಒಬ್ಬಳಿಗೆ ಮಾತ್ರ. 1931ರಲ್ಲಿ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಗಮನಿಸಿದರು. 7ನೇ ಕ್ರೋಮೋಸೋಮಿನ ಒಂದು ಜೀನ್ ಇದರ ಮುಖ್ಯ ಕಾರಣ ಅಂತ 2003ರಲ್ಲಿ ಗೊತ್ತಾಯಿತು. ಇದೂ ನೂರಕ್ಕೆ ನೂರು ಒಂದೇ ಜೀನಿನ ಆಟವಲ್ಲ, ಆದರೆ ಕಿವಿಹಾಲೆಗಿಂತ ಎಷ್ಟೋ ವಾಸಿ.

ಇಲ್ಲಿ ಮನೆಯವರ ಸುದ್ದಿ ಕೇಳಬೇಕಾಗಿಲ್ಲ. ಕ್ಲಾಸಿನ ಲೆಕ್ಕ ಸಾಕು. 100 ಮಕ್ಕಳಲ್ಲಿ 36 ಮಂದಿಗೆ ಕಹಿ ಗೊತ್ತಾಗಲಿಲ್ಲ ಅಂತ ಇಟ್ಟುಕೊಳ್ಳಿ. ಕಹಿ ಗೊತ್ತಾಗದಿರುವುದು ರಿಸೆಸಿವ್. ಒಂದು ಗುಂಪಿನಲ್ಲಿ ಯಾವ ಜೀನ್ ಎಷ್ಟಿದೆ ಅಂತ ಲೆಕ್ಕ ಹಾಕುವ 1908ರ ಹಾರ್ಡಿ-ವೈನ್‌ಬರ್ಗ್ ಸೂತ್ರದ ಪ್ರಕಾರ ಆ ರಿಸೆಸಿವ್ ಜೀನಿನ ಪಾಲು 0.36ರ ವರ್ಗಮೂಲ, ಅಂದರೆ 0.6. ಇನ್ನೊಂದರದ್ದು 0.4. ಎರಡೂ ಥರದ ಜೀನ್ ಇರುವವರು 2 × 0.4 × 0.6, ಅಂದರೆ 48 ಮಂದಿ. ಕಹಿ ಗೊತ್ತಾದ 64 ಮಂದಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಇವರೇ. ಕಹಿ ಗೊತ್ತಾಗುವ ಇಬ್ಬರಿಗೆ ಗೊತ್ತಾಗದ ಮಗು ಹುಟ್ಟುವುದು ಎಷ್ಟು ಮಾಮೂಲಿ ಅಂತ ಇದರಲ್ಲೇ ಕಾಣುತ್ತದೆ.

ಆದರೆ ಆ ಸೂತ್ರ ಯಾರು ಯಾರನ್ನಾದರೂ ಮದುವೆಯಾಗುತ್ತಾರೆ ಅಂದುಕೊಂಡಿದೆ. ನಮ್ಮ ಕರಾವಳಿಯಲ್ಲಿ ಹಾಗುಂಟಾ? ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡದ ಮನೆಗಳ ಮಕ್ಕಳು ಒಂದೇ ಬೆಂಚಲ್ಲಿ ಕೂರುತ್ತಾರೆ. ಮದುವೆ ಮಾತ್ರ ಹೆಚ್ಚಾಗಿ ಆಯಾ ಸಮುದಾಯದ ಒಳಗೇ. ಸಮುದಾಯಗಳ ನಡುವೆ ಜೀನಿನ ಪಾಲು ಬೇರೆ ಬೇರೆ ಇದ್ದರೆ, ಎಲ್ಲರನ್ನೂ ಸೇರಿಸಿ ಎಣಿಸುವಾಗ ಎರಡೂ ಜೀನ್ ಇರುವವರು ಸೂತ್ರ ಹೇಳಿದ್ದಕ್ಕಿಂತ ಕಮ್ಮಿ ಸಿಗುತ್ತಾರೆ.

ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆಗಳ ಬರಿಯ (ಗೋತ್ರದ ಥರದ ಕುಲದ ಗುರುತು) ವಿಷಯ ತಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಬರಿ ತಾಯಿಯಿಂದ ಬರುತ್ತದೆ. ಗಂಡಸಿಗೆ ಅಮ್ಮನ ಬರಿ ಇರುತ್ತದೆ, ಅವನ ಮಕ್ಕಳಿಗೆ ಹೋಗುವುದು ಹೆಂಡತಿಯ ಬರಿ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಡಿಎನ್‌ಎ ಸಾಗುವ ದಾರಿಯೂ ಸರಿಯಾಗಿ ಇದೇ. ಗಂಡಸಿಗೂ ಅವನ ಅಕ್ಕನ ಮಗಳಿಗೂ ಒಂದೇ ಬರಿ, ಹಾಗಾಗಿ ಅವರಿಬ್ಬರ ಮದುವೆ ಕೂಡದು. ರಾಜ್ಯದ ಬೇರೆ ಕಡೆ ಅದು ನಡೆಯುತ್ತದೆ. ಸೋದರಮಾವನ ಮಗಳದ್ದು ಬೇರೆ ಬರಿ, ಆಗುತ್ತದೆ. ಆದರೆ ಮೈಟೋಕಾಂಡ್ರಿಯಾದಲ್ಲಿ ಇರುವುದು 37 ಜೀನ್ ಮಾತ್ರ. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಅಪ್ಪ-ಅಮ್ಮ ಇಬ್ಬರಿಂದಲೂ. ಬರಿ ಬೇರೆ ಆದರೂ ಮಾವನ ಮಗಳ ಜೊತೆ ಸರಾಸರಿ ಎಂಟರಲ್ಲಿ ಒಂದು ಪಾಲು ಡಿಎನ್‌ಎ ಹಂಚಿಕೆಯಾಗಿರುತ್ತದೆ, ಅಕ್ಕನ ಮಗಳ ಜೊತೆ ನಾಲ್ಕರಲ್ಲಿ ಒಂದು. ಅಪರೂಪದ ರಿಸೆಸಿವ್ ಕಾಯಿಲೆಗಳು ಸಂಬಂಧದ ಮದುವೆಗಳಲ್ಲಿ ಜಾಸ್ತಿ ಕಾಣುವುದು ಇದಕ್ಕೇ.

ಮಗಳ ಲೆಕ್ಚರರ್ ಹತ್ತಿರ ಒಮ್ಮೆ ಮಾತಾಡಿ. ಮನೆಯವರ ಚಾರ್ಟ್ ಬಿಟ್ಟು, ಹೆಸರು ಬರೆಯದ ಚೀಟಿಯಲ್ಲಿ ಪಿಟಿಸಿ ಎಣಿಕೆ ಮಾಡಿಸಿದರೆ ಅದೇ ಪಾಠ ಆಗುತ್ತದೆ. ಕಾಗದ ದುಬಾರಿಯಲ್ಲ, ಲ್ಯಾಬ್ ಸಾಮಾನು ಮಾರುವವರ ಹತ್ತಿರ ಕೇಳಿ ತರಿಸಬಹುದು.