ಫಾರಂ ತುಂಬ್ಸೋದಷ್ಟೇನಾ ಸೋಶಿಯಲ್ ವರ್ಕರ್ ಕೆಲಸ?

ಪ್ರಶ್ನೆ: ಮೇಡಂ ನಮಸ್ತೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಈಗಷ್ಟೇ ಒಂದು ಆಸ್ಪತ್ರೇಲಿ ಸೋಶಿಯಲ್ ವರ್ಕರ್ ಆಗಿ ಸೇರ್ಕೊಂಡಿದೀನಿ. ಬೆಳಗ್ಗೆಯಿಂದ ಸಂಜೆವರೆಗೂ ಫಾರಂ ತುಂಬ್ಸೋದು, ಬಿಲ್ ರಿಯಾಯಿತಿಗೆ ಲೆಟರ್ ಬರ್ಯೋದು, ಇಷ್ಟೇ ಆಗ್ತಿದೆ. ಬಡವರಿಗೆ ಕಾಯಿಲೆ ಜಾಸ್ತಿ, ಆಯಸ್ಸು ಕಮ್ಮಿ ಅಂತ ಕ್ಲಾಸಲ್ಲಿ ಓದಿದ್ವಿ, ಆ ಅಂತರ ತಗ್ಗಿಸೋಕೆ ನಮ್ಮಂಥೋರಿಂದ ನಿಜವಾಗ್ಲೂ ಏನಾದ್ರೂ ಆಗತ್ತಾ? ಅದು ಡಾಕ್ಟರು, ಸರ್ಕಾರ ಮಾಡ್ಬೇಕಾದ ಕೆಲಸ ಅಲ್ವಾ?

ಉತ್ತರ: ಆಗತ್ತೆ. ಆದ್ರೆ ಡಾಕ್ಟರು ಮಾಡ್ಲಿ ಅಂತ ಬಿಟ್ರೆ ಆಗಲ್ಲ, ಯಾಕಂದ್ರೆ ಅಂತರ ಹುಟ್ಟೋದು ಆಸ್ಪತ್ರೆ ಒಳಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಂತಾನೇ ಒಂದು ಆಯೋಗ ಮಾಡಿತ್ತು, ಮೈಕೆಲ್ ಮಾರ್ಮಟ್ ಅದರ ಅಧ್ಯಕ್ಷರು, 2008ರಲ್ಲಿ ವರದಿ ಕೊಟ್ರು. ಅದ್ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಲೆಕ್ಕ ಇದೆ: ಕಾಲ್ಟನ್ ಅನ್ನೋ ಬಡ ಬಡಾವಣೇಲಿ ಗಂಡಸರ ಸರಾಸರಿ ಆಯಸ್ಸು 54, ಕೆಲವೇ ಕಿಲೋಮೀಟರ್ ಆಚೆ ಇರೋ ಲೆಂಜಿಯಲ್ಲಿ 82. ಅಲ್ಲಿ ಡಾಕ್ಟರ್ ಹತ್ರ ಹೋಗೋದು, ಆಸ್ಪತ್ರೆ ಸೇರೋದು ಎಲ್ರಿಗೂ ಫ್ರೀ, ಆದ್ರೂ 28 ವರ್ಷದ ವ್ಯತ್ಯಾಸ! ಮನೆ, ಕೆಲಸ, ಸಂಬಳ, ಓದು ಇವೆಲ್ಲ ಸೇರಿ ಆಯಸ್ಸನ್ನ ತಿಂದಿರತ್ತೆ.

ನಿಮ್ಮ ಫಾರಂ ವಿಷಯಕ್ಕೆ ಬರೋಣ, ಅದನ್ನ ದಯವಿಟ್ಟು ಸಣ್ಣ ಕೆಲಸ ಅಂದ್ಕೋಬೇಡಿ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೇಲಿ ಮೇರಿ ಸ್ಟೀವರ್ಟ್ ಅನ್ನೋರನ್ನ ನಿಮ್ಮಂಥದ್ದೇ ಕೆಲಸಕ್ಕೆ ನೇಮಿಸ್ಕೊಂಡಿದ್ದೇ ಫ್ರೀ ಚಿಕಿತ್ಸೆ ಯಾರಿಗೆ ಸಲ್ಲಬೇಕು, ಯಾರಿಗೆ ಬೇಡ ಅಂತ ಜರಡಿ ಹಿಡಿಯೋಕೆ. ಹತ್ತು ವರ್ಷ ಆದ್ಮೇಲೆ, 1905ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೇಲಿ ಡಾಕ್ಟರ್ ರಿಚರ್ಡ್ ಕ್ಯಾಬಟ್ ಬೇರೆ ದಾರಿ ಹಿಡಿದ್ರು. ಮನೇಲಿ ಏನಿದೆ ಅಂತ ಗೊತ್ತಿಲ್ದೆ ಬರೀ ಔಷಧಿ ಬರ್ಕೊಟ್ರೆ ಪ್ರಯೋಜನ ಇಲ್ಲ ಅಂತ ಅವ್ರಿಗೆ ಅನಿಸಿತ್ತು, ಹಾಗಾಗಿ ಗಾರ್ನೆಟ್ ಪೆಲ್ಟನ್ ಅನ್ನೋ ನರ್ಸನ್ನ ಈ ಕೆಲಸಕ್ಕೆ ಕರ್ಕೊಂಡ್ರು, ಆಮೇಲೆ ಐಡಾ ಕ್ಯಾನನ್ ಅದನ್ನ ದೊಡ್ಡ ವಿಭಾಗವಾಗಿ ಬೆಳೆಸಿದ್ರು. ಅದೇ ಫಾರಂ ಇಟ್ಕೊಂಡು ಬಾಗಿಲು ಕಾಯಬಹುದು, ಬಾಗಿಲು ತೆಗೀಲೂಬಹುದು.

ತೆಗ್ಯೋದು ಹೇಗೆ ಅಂದ್ರೆ, ಫಾರಂನಲ್ಲಿ ಇಲ್ದೇ ಇರೋದನ್ನ ಕೇಳಿ. ಚೀಟಿಯಲ್ಲಿ ‘ಊಟದ ನಂತರ, ಮೂರು ಹೊತ್ತು’ ಅಂತಿರತ್ತೆ, ಆ ಮನುಷ್ಯ ಉಣ್ಣೋದೇ ಎರಡು ಹೊತ್ತು, ಹಾಗಾಗಿ ಮಧ್ಯಾಹ್ನದ ಮಾತ್ರೆ ಹಾಗೇ ಉಳಿಯತ್ತೆ, ಮುಂದಿನ ಸಲ ಬಂದಾಗ ಸರಿಯಾಗಿ ತಗೊಂಡಿಲ್ಲ ಅಂತ ಬೈಸ್ಕೋತಾರೆ. ಇನ್ಸುಲಿನ್ ಕೊಟ್ಟು ಕಳಿಸ್ತೀವಿ, ಮನೇಲಿ ಫ್ರಿಜ್ ಇದ್ಯಾ ಅಂತ ಯಾರೂ ಕೇಳಿರಲ್ಲ. ಟಿಬಿ ಮಾತ್ರೆ ಫ್ರೀ ಸಿಕ್ರೂ ಓಡಾಟ, ಕಳ್ಕೊಂಡ ಕೂಲಿ ಎಲ್ಲ ಸೇರಿ ಕುಟುಂಬದ ವರ್ಷದ ಆದಾಯದಲ್ಲಿ 20% ದಾಟಿದ್ರೆ ಅದು ಕುಟುಂಬವನ್ನೇ ಮುಳುಗಿಸೋ ಖರ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಇಡತ್ತೆ. ಆ ಖರ್ಚು ಯಾವ ಬಿಲ್ಲಲ್ಲೂ ಕಾಣಲ್ಲ, ಕೂತು ಮಾತಾಡಿದ್ರೆ ಮಾತ್ರ ಗೊತ್ತಾಗೋದು.

ಒಬ್ಬೊಬ್ರಿಗೇ ಸಹಾಯ ಮಾಡ್ತಾ ಹೋದ್ರೆ ಆ ಒಬ್ರು ಉಳೀತಾರೆ, ಅದು ದೊಡ್ಡದೇ, ಆದ್ರೆ ಅಂತರ ಅಲ್ಲೇ ಇರತ್ತೆ. ಅದಕ್ಕೇ ಒಂದು ರಿಜಿಸ್ಟರ್ ಇಡಿ. ಫಾಲೋಅಪ್‌ಗೆ ಬರ್ದೇ ಇದ್ದೋರಿಗೆ ಫೋನ್ ಮಾಡಿ ಯಾಕೆ ಬರ್ಲಿಲ್ಲ ಅಂತ ಕೇಳಿ, ಬೈಯೋ ಧಾಟೀಲಿ ಅಲ್ಲ, ಅವ್ರು ಹೇಳಿದ್ದನ್ನ ಅವ್ರ ಮಾತಲ್ಲೇ ಬರ್ಕೊಳ್ಳಿ. ಸ್ವಲ್ಪ ತಿಂಗಳು ಕಳೆದ್ಮೇಲೆ ನೋಡಿದ್ರೆ ಅವೇ ನಾಲ್ಕೈದು ಕಾರಣ ಮತ್ತೆ ಮತ್ತೆ ಬಂದಿರತ್ತೆ: ಕೆಲಸಕ್ಕೆ ರಜ ಸಿಗಲ್ಲ, ಮಗು ನೋಡ್ಕೊಳ್ಳೋರಿಲ್ಲ, ಹೇಳಿದ್ದು ಅರ್ಥ ಆಗ್ಲಿಲ್ಲ. ಅಷ್ಟೊಂದು ಜನ ಒಂದೇ ಕಾರಣ ಹೇಳಿದ್ರೆ ಅದು ಅವ್ರ ನಿರ್ಲಕ್ಷ್ಯ ಹೇಗಾಗತ್ತೆ, ನಮ್ಮ ಒಪಿಡಿ ಟೈಮಿಂಗ್ ಅವ್ರ ಬದುಕಿಗೆ ಹೊಂದ್ತಿಲ್ಲ ಅಷ್ಟೇ. ಹೆಸರು, ವಿಳಾಸ ತೆಗೆದು ಆ ಪಟ್ಟೀನ ವಿಭಾಗದ ಮುಖ್ಯಸ್ಥರ ಮುಂದಿಡಿ, ವಾರಕ್ಕೊಂದು ಸಂಜೆ ಒಪಿಡಿ ಕೇಳಿ. ವಸತಿ, ಕೂಲಿ ಥರದ ಸಮಸ್ಯೆ ಆದ್ರೆ ಆಸ್ಪತ್ರೆ ಆಚೆಗೂ ಆ ಪಟ್ಟಿ ಹೋಗ್ಬೇಕು, ಅಧಿಕಾರಿಗಳಿಗೆ, ಸಂಘಟನೆಗಳಿಗೆ.

ಪ್ರಶ್ನೆ: ಫೈಲಲ್ಲಿ ‘ಪೇಷೆಂಟ್ ಹೇಳಿದ್ದು ಕೇಳಲ್ಲ’ ಅಂತ ಸೀನಿಯರ್ ಡಾಕ್ಟ್ರು ಬರೆದಿರ್ತಾರೆ. ನಾನು ಹೊಸಬಳು, ಎದುರು ಹೇಳೋಕೆ ಭಯ ಆಗತ್ತೆ.

ಉತ್ತರ: ವಾದ ಮಾಡೋಕೆ ಹೋಗ್ಬೇಡಿ, ನಿಮ್ಮ ನೋಟ್ ಬರೀರಿ. ಡಯಾಲಿಸಿಸ್ ತಪ್ಪಿಸ್ತಾರೆ ಅಂತಿದ್ರೆ ಅದರ ಕೆಳಗೆ ‘ವಾರಕ್ಕೆ 3 ಸಲ, ಸಲಕ್ಕೆ ಸುಮಾರು 4 ಗಂಟೆ, ಬಂದ ದಿನ ಕೂಲಿ ಇಲ್ಲ, ರಾತ್ರಿ ಶಿಫ್ಟಲ್ಲಿ ಜಾಗ ಕೊಟ್ರೆ ಬರ್ತೀನಿ ಅಂದಿದಾರೆ’ ಅಂತ ತಾರೀಖು ಹಾಕಿ ಸಹಿ ಮಾಡಿ. ಕಾರಣದ ಜೊತೆಗೆ ಆಗೋ ಅಂಥ ಒಂದು ದಾರೀನೂ ಬರೆದಿದ್ರೆ ಹೆಚ್ಚಿನ ಡಾಕ್ಟರು ಓದ್ತಾರೆ, ಅವ್ರಿಗೂ ಪೇಷೆಂಟ್ ಉಳೀಬೇಕು ಅಂತಾನೇ ಇರತ್ತೆ. ಶಿಫ್ಟ್ ಬದಲಾಯ್ಸೋದು ಯೂನಿಟ್ ಇನ್‌ಚಾರ್ಜ್ ಕೈಲಿದ್ರೆ ನೀವೇ ಹೋಗಿ ಅವ್ರನ್ನ ಅದೇ ದಿನ ಕೇಳಿ.